ಮನೆಯೊಳಗಿನ ನಾದ: ಹಣ ಎಲ್ಲಿಯವರೆಗೆ ಫಲ ಕೊಡುತ್ತದೆ?
(ನಮ್ಮ ಭಾಗದ ಧ್ವನಿಯಂತ್ರಗಳ ಒಂದು ಚಾರಿತ್ರಿಕ ಅವಲೋಕನ)

ಪಿ.ಯು.ಸಿ. ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ ಒಂದು ನಿಯಮವಿದೆ. ಅದಕ್ಕೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಎಂದು ಹೆಸರು. ಹಸಿದವನಿಗೆ ಮೊದಲ ರೊಟ್ಟಿ ಕೊಡುವ ತೃಪ್ತಿಯನ್ನು ಎರಡನೆಯದು ಕೊಡುವುದಿಲ್ಲ, ಎರಡನೆಯದರಷ್ಟು ಮೂರನೆಯದು ಕೊಡುವುದಿಲ್ಲ. ಜರ್ಮನಿಯ ಗೊಸ್ಸೆನ್ 1854ರಲ್ಲಿ ಇದನ್ನು ಬರೆದಿಟ್ಟನು. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದ ಮೂಲಕ ಅದನ್ನು ಜಗತ್ತಿನ ತರಗತಿಗಳಿಗೆ ಮುಟ್ಟಿಸಿದನು.

ನಮ್ಮ ಭಾಗದ ರೈತನಿಗೆ ಈ ನಿಯಮವನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಮೇಲೆ ಜಮಖಂಡಿ, ಮುಧೋಳ ತಾಲ್ಲೂಕುಗಳ ಕಬ್ಬಿನ ಗದ್ದೆಗಳಿವೆ. ಒಣಭೂಮಿಗೆ ಬಂದ ಮೊದಲ ನೀರು ಬಂಗಾರ ಬೆಳೆಯಿತು. ಇನ್ನಷ್ಟು ನೀರು ಇನ್ನಷ್ಟು ಟನ್ ಕಬ್ಬು ಕೊಟ್ಟಿತು. ಆದರೆ ಮಿತಿಮೀರಿ ಹಾಯಿಸಿದ ನೀರು ಎರೆಭೂಮಿಯನ್ನು ಸವಳು-ಜವಳು ಮಾಡಿತು. ಅಂದರೆ ಖರ್ಚು ಹೆಚ್ಚಿದಂತೆ ಲಾಭ ಏರುವ ಒಂದು ಹಂತ, ಏರಿಕೆ ನಿಧಾನವಾಗುವ ಇನ್ನೊಂದು ಹಂತ, ಖರ್ಚೇ ಹಾನಿಯಾಗುವ ಮತ್ತೊಂದು ಹಂತ, ಹೀಗೆ ಮೂರು ಹಂತಗಳಿವೆ.

ಮನೆಯಲ್ಲಿ ಹಾಡು, ಭಾಷಣ, ಸುದ್ದಿ ಕೇಳಲು ನಾವು ಕೊಳ್ಳುವ ಯಂತ್ರಗಳಿಗೂ ಈ ಮೂರು ಹಂತಗಳು ಅನ್ವಯಿಸುತ್ತವೆ. ಕಳೆದ ನೂರ ಇಪ್ಪತ್ತು ವರ್ಷಗಳ ಇತಿಹಾಸವನ್ನು ನೋಡಿದರೆ ಯಾವ ಕಾಲದಲ್ಲಿ ನಾವು ಯಾವ ಹಂತದಲ್ಲಿದ್ದೆವು ಎಂಬುದು ಸ್ಪಷ್ಟವಾಗುತ್ತದೆ. ಪ್ರತಿ ಹಬ್ಬಕ್ಕೆ, ಪ್ರತಿ ಮದುವೆಗೆ ಹೊಸ 'ಸೌಂಡ್ ಸಿಸ್ಟಂ' ಕೊಳ್ಳುವ ಹುಮ್ಮಸ್ಸು ನಮ್ಮ ಯುವಕರಲ್ಲಿ ಹೆಚ್ಚಿರುವ ಈ ದಿನಗಳಲ್ಲಿ ಈ ಚರಿತ್ರೆಯನ್ನು ತಿಳಿಯುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಯಂತ್ರ ಬರುವ ಮುನ್ನ

ಸಂಗೀತವನ್ನು ತನ್ನ ಮನೆಯಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ ಕೇಳುವುದು ಒಂದು ಕಾಲಕ್ಕೆ ಅರಸರಿಗಷ್ಟೇ ಸಾಧ್ಯವಾಗಿದ್ದ ಐಷಾರಾಮ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580-1627) ಸ್ವತಃ ಹಾಡುಗಳನ್ನು ರಚಿಸಿ 'ಕಿತಾಬೆ ನವರಸ್' ಎಂಬ ಗ್ರಂಥ ಬರೆದನು. ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟಿದ್ದನು. 1599ರಲ್ಲಿ ವಿಜಾಪುರದ ಬದಿಯಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟತೊಡಗಿದನು. ನಾದಕ್ಕಾಗಿ ಒಬ್ಬ ವ್ಯಕ್ತಿ ಮಾಡಬಹುದಾದ ಖರ್ಚಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ಸಾಮಾನ್ಯ ಜನರ ನಾದ ಬಯಲಿನಲ್ಲಿತ್ತು. ಮೊಹರಂ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು, ಹೆಜ್ಜೆಮೇಳಗಳು. ಇವುಗಳನ್ನು ಮುಸಲ್ಮಾನರೂ ಹಿಂದೂಗಳೂ ಕೂಡಿಯೇ ಹಾಡುತ್ತ ಬಂದಿದ್ದಾರೆ. ಜಾತ್ರೆಗಳಲ್ಲಿ ಗೀಗಿ ಪದ, ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ, ಮನೆಯಲ್ಲಿ ಬೀಸುವ ಕಲ್ಲಿನ ಪದ. ಇವುಗಳಿಗೆ ಖರ್ಚಿಲ್ಲ. ಆದರೆ ಹಾಡುವವರು ಇದ್ದಾಗ ಮಾತ್ರ ಕೇಳಬೇಕು. ದೂರದೂರಿನ ಗಾಯಕನ ಧ್ವನಿ ಜಮಖಂಡಿಯ ಓಣಿಗೆ ಮುಟ್ಟುವ ದಾರಿ ಇರಲಿಲ್ಲ.

ಗ್ರಾಮೋಫೋನಿನ ಮೊದಲ ರೂಪಾಯಿ

1902ರ ನವೆಂಬರ್ 11ರಂದು ಕಲಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವನು ಗೌಹರ್ ಜಾನ್ ಅವರ ಧ್ವನಿಯನ್ನು ಮುದ್ರಿಸಿಕೊಂಡನು. ಮೈಕ್ ಇನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ಧ್ವನಿಯ ಕಂಪನದಿಂದಲೇ ಮುಳ್ಳು ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಟ್ಟೆಗಳು ಜರ್ಮನಿಯ ಹಾನೋವರ್‌ಗೆ ಹೋಗಿ, ಅಲ್ಲಿ ಅಚ್ಚಾಗಿ ಹಡಗಿನಲ್ಲಿ ಮರಳಿ ಬಂದವು. ಈ ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಕಾಲದ ಪ್ಲೇಟಿನ ಗುಣಮಟ್ಟ ಹೇಗಿತ್ತು? ಮನುಷ್ಯನ ಎಳೆಯ ಕಿವಿ ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗೆ, ಅಂದರೆ 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ಕಹಳೆಯ ಮುದ್ರಣ ಸುಮಾರು 250ರಿಂದ 2,500 ಹರ್ಟ್ಜ್‌ವರೆಗಿನ ಭಾಗವನ್ನಷ್ಟೇ ಹಿಡಿಯುತ್ತಿತ್ತು. ತಬಲಾದ ಡಗ್ಗಾ ಕೇಳಿಸುತ್ತಿದ್ದುದೇ ಕಡಿಮೆ. ಮೂರು ನಿಮಿಷ ಚಿಲ್ಲರೆಗೆ ಹಾಡು ಮುಗಿಸಬೇಕು. ಮೇಲೆ ಕರಕರ ಸದ್ದು ಬೇರೆ. ಆದರೂ ಕೀಲಿ ಕೊಟ್ಟರೆ ತಿರುಗುವ ಈ ಪೆಟ್ಟಿಗೆಗೆ ವಿದ್ಯುತ್ ಬೇಕಾಗಿರಲಿಲ್ಲ. ಆದ್ದರಿಂದ ಅದು ಹಳ್ಳಿಯ ಕಟ್ಟೆಗೂ, ಚಹದ ಅಂಗಡಿಗೂ ಬಂತು. 1925ರಲ್ಲಿ ಮೈಕ್ ಬಳಸುವ ವಿದ್ಯುತ್ ಮುದ್ರಣ ಆರಂಭವಾದಾಗ ಪ್ಲೇಟಿನ ವ್ಯಾಪ್ತಿ 5,000 ಹರ್ಟ್ಜ್ ಮುಟ್ಟಿತು. ಮೆಲುದನಿಯಲ್ಲಿ ಹಾಡುವವರಿಗೂ ಪ್ಲೇಟಿನಲ್ಲಿ ಜಾಗ ಸಿಕ್ಕಿತು.

ಇಷ್ಟು ಬಡ ಯಂತ್ರ ಮಾಡಿದ ಕೆಲಸ ಮಾತ್ರ ದೊಡ್ಡದು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937) ನಮಗೆ ಪರಕೀಯರಲ್ಲ. ಅವರು ಧಾರವಾಡ, ಹುಬ್ಬಳ್ಳಿಗಳಲ್ಲಿ ಪಾಠ ಹೇಳಿದರು, ಮಿರಜದಲ್ಲಿ ನೆಲೆಸಿದರು. ಅಲ್ಲಿಯ ಖ್ವಾಜಾ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರು ಹಾಡಿದ ಝಿಂಝೋಟಿ ರಾಗದ ಠುಮರಿಯ ಪ್ಲೇಟನ್ನು ಬಾಲಕ ಭೀಮಸೇನ ಜೋಶಿ ಕೇಳಿದ ಸಂಗತಿ ಪ್ರಸಿದ್ಧವಾಗಿದೆ. ಹಾಗೆ ಹಾಡಲು ಕಲಿಯಬೇಕೆಂಬ ಹಟದಿಂದ ಆ ಹುಡುಗ ತನ್ನ 11ನೆಯ ವಯಸ್ಸಿನಲ್ಲಿ, 1933ರಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟನು. ಕೊನೆಗೆ ಅಬ್ದುಲ್ ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ನಿಂತನು. ಮುಂದೆ ಆ ಬಾಲಕನಿಗೆ ಭಾರತರತ್ನ ದೊರೆಯಿತು. ಇಂದಿನ ಅತಿ ಅಗ್ಗದ ಮೊಬೈಲ್ ಕೂಡ ಆ ಪ್ಲೇಟಿಗಿಂತ ಹೆಚ್ಚು ಸ್ವಚ್ಛವಾಗಿ ಹಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಬೀಳಗಿಯ ಅಮೀರಬಾಯಿ

ಯಂತ್ರದಿಂದ ಲಾಭ ಪಡೆದವರಲ್ಲಿ ನಮ್ಮ ಬೀಳಗಿಯ ಹೆಣ್ಣುಮಗಳೊಬ್ಬಳ ಹೆಸರು ಮುಖ್ಯವಾದುದು. ಅಮೀರಬಾಯಿ ಕರ್ನಾಟಕಿ ಬೀಳಗಿಯಲ್ಲಿ ಹುಟ್ಟಿದರು. ಮನೆಯಲ್ಲಿ ಸಂಗೀತ, ರಂಗಭೂಮಿಗಳ ವಾತಾವರಣ. ಸಹೋದರಿ ಗೌಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ನಾಟಕಗಳಲ್ಲಿ ಹೆಸರು ಮಾಡಿದರು. ಅಮೀರಬಾಯಿ 1930ರ ದಶಕದಲ್ಲಿ ಮುಂಬಯಿ ಸೇರಿ ನಟಿಸಿದರು, ಹಾಡಿದರು. 1943ರಲ್ಲಿ ಬಂದ 'ಕಿಸ್ಮತ್' ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತ, ನಾಯಕಿಯ ಹಾಡುಗಳಿಗೆ ಅಮೀರಬಾಯಿಯವರ ಕಂಠ. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ, ಪರಕೀಯರನ್ನು ತೊಲಗಿರೆನ್ನುವ ಅದರ ಗೀತೆ ದೇಶದ ಬಾಯಲ್ಲಿತ್ತು. 1944ರ 'ರತನ್' ಚಿತ್ರದಲ್ಲಿ ನೌಷಾದರ ಸಂಗೀತಕ್ಕೂ ಅವರು ಹಾಡಿದರು. ನರಸಿ ಮೆಹತಾನ ಪ್ರಸಿದ್ಧ ಭಜನೆಯನ್ನು ಅವರು ಹಾಡಿದ ಪ್ಲೇಟು ಮನೆಮನೆಗಳನ್ನು ಮುಟ್ಟಿತು. 1965ರಲ್ಲಿ ಅವರು ತೀರಿಕೊಂಡರು. ವಿಜಾಪುರದ 'ಅಮೀರ್ ಟಾಕೀಜ್' ಅವರ ಹೆಸರನ್ನು ಉಳಿಸಿತು. ಡಾ. ರಹಮತ್ ತರೀಕೆರೆಯವರು ಅವರ ಬದುಕನ್ನು ಕುರಿತು ಪುಸ್ತಕ ಬರೆದು ಕನ್ನಡಿಗರ ನೆನಪನ್ನು ತಾಜಾ ಮಾಡಿದ್ದಾರೆ.

ಬೀಳಗಿಯ ಧ್ವನಿ ಕಲಕತ್ತೆಗೆ, ಲಾಹೋರಿಗೆ ಹೋಗಲು ಸಾಧ್ಯವಾದದ್ದು 5,000 ಹರ್ಟ್ಜ್ ಮೀರದ, ಕರಕರ ಎನ್ನುವ ಪ್ಲೇಟಿನಿಂದ. ಏನೂ ಕೇಳದಿದ್ದ ಕಡೆ ಏನಾದರೂ ಕೇಳುವಂತಾಯಿತು. ಧ್ವನಿಯಂತ್ರಕ್ಕೆ ಖರ್ಚು ಮಾಡಿದ ಮೊದಲ ರೂಪಾಯಿ ಅತಿ ಹೆಚ್ಚು ಫಲ ಕೊಟ್ಟ ಕಾಲವದು.

ರೇಡಿಯೋ ಮತ್ತು ಟ್ರಾನ್ಸಿಸ್ಟರ್

ಎರಡನೆಯ ದೊಡ್ಡ ಜಿಗಿತ ರೇಡಿಯೋದ್ದು. 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಜಮಖಂಡಿಯ ಪಟವರ್ಧನ, ಮುಧೋಳದ ಘೋರ್ಪಡೆ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದಾದ ಎರಡು ವರ್ಷಕ್ಕೆ, 1950ರ ಜನವರಿ 8ರಂದು, ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. ನಮ್ಮ ಭಾಗದ ಜನ ತಮ್ಮ ಮಾತಿನಲ್ಲಿ ಸುದ್ದಿ, ಹವಾಮಾನ, ಮಾರುಕಟ್ಟೆ ಧಾರಣೆ, ಜಾನಪದ ಹಾಡು ಕೇಳತೊಡಗಿದರು. ಪ್ಲೇಟಿಗೆ ಪ್ರತಿ ಹಾಡಿಗೂ ದುಡ್ಡು ಕೊಡಬೇಕಿತ್ತು. ರೇಡಿಯೋ ಒಮ್ಮೆ ಕೊಂಡು ಲೈಸೆನ್ಸ್ ಶುಲ್ಕ ಕಟ್ಟಿದರೆ ಸಾಕಾಗುತ್ತಿತ್ತು.

1952ರ ನಂತರ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಜನ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಆ ವರ್ಷವೇ ಶುರುವಾಯಿತು. ಶಾರ್ಟ್‌ವೇವ್ ಧ್ವನಿ ಅಲೆಯಂತೆ ಏರುತ್ತದೆ, ಇಳಿಯುತ್ತದೆ. ನಡುವೆ ಸೀಟಿ, ಗುಡುಗು. ಆದರೂ ವಾರಕ್ಕೊಮ್ಮೆ ರೇಡಿಯೋ ಇದ್ದ ಮನೆಯ ಮುಂದೆ ಜನ ಸೇರುತ್ತಿದ್ದರು. 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಕೇಳುಗನಿಗೆ ಏನು ಕೇಳುತ್ತದೆ ಎಂಬುದು ಎಷ್ಟು ಸ್ವಚ್ಛವಾಗಿ ಕೇಳುತ್ತದೆ ಎಂಬುದಕ್ಕಿಂತ ಮುಖ್ಯವಾಗಿತ್ತು.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಮುಂದಿನ ದಶಕಗಳಲ್ಲಿ ರೇಡಿಯೋವನ್ನು ಸೆಲ್ಲಿನ ಮೇಲೆ ನಡೆಯುವಂತೆ ಮಾಡಿತು. ಹೊಲದ ಬದುವಿಗೂ, ರಬಕವಿ-ಬನಹಟ್ಟಿಯ ಮಗ್ಗದ ಪಕ್ಕಕ್ಕೂ ಅದು ಬಂತು. ವಾಲ್ವಿನ ದೊಡ್ಡ ರೇಡಿಯೋದ ಇಂಪು ಟ್ರಾನ್ಸಿಸ್ಟರಿನ ಚಿಕ್ಕ ಸ್ಪೀಕರಿಗೆ ಇರಲಿಲ್ಲ. ಜನ ಇಂಪನ್ನು ಬಿಟ್ಟುಕೊಟ್ಟು ಅಗ್ಗವನ್ನೂ ಅನುಕೂಲವನ್ನೂ ಆರಿಸಿಕೊಂಡರು. ಅವರ ಆಯ್ಕೆ ಸರಿಯಾಗಿಯೇ ಇತ್ತು.

ಕ್ಯಾಸೆಟ್ಟಿನ ಕಾಲ

ಫಿಲಿಪ್ಸ್ ಕಂಪನಿ 1963ರಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮಲ್ಲಿ ಅದು ಮನೆಮನೆಗೆ ಬಂದದ್ದು 1980ರ ದಶಕದಲ್ಲಿ. ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಟೂ-ಇನ್-ವನ್ ಹೊತ್ತು ತಂದರು. ಗುಲ್ಶನ್ ಕುಮಾರರ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆಯನ್ನು ಕೆಳಗಿಳಿಸಿತು. ಕ್ಯಾಸೆಟ್ಟಿನ ದೊಡ್ಡ ಉಪಕಾರವೆಂದರೆ ಮುದ್ರಣದ ಹಕ್ಕನ್ನು ಅದು ಸಾಮಾನ್ಯನ ಕೈಗೆ ಕೊಟ್ಟಿತು. ಅಲ್ಲಿಯವರೆಗೆ ಯಾರ ಧ್ವನಿ ಉಳಿಯಬೇಕೆಂಬುದನ್ನು ಕಲಕತ್ತೆ, ಮುಂಬಯಿಯ ಕಂಪನಿಗಳು ನಿರ್ಧರಿಸುತ್ತಿದ್ದವು. ಈಗ ರಿವಾಯತ್ ಮೇಳದವರು, ಗೀಗಿ ಪದದವರು, ಊರಿಗೆ ಬಂದ ಉಪನ್ಯಾಸಕರು, ಮನೆಯ ಅಜ್ಜಿ ಸಹ ಟೇಪಿನಲ್ಲಿ ಸೇರಿದರು.

ಕ್ಯಾಸೆಟ್ಟಿಗೆ 'ಸುಯ್' ಎಂಬ ಹಿನ್ನೆಲೆ ಸದ್ದಿತ್ತು. ತೀರಾ ಮೆಲುಸದ್ದಿಗೂ ತೀರಾ ಜೋರುಸದ್ದಿಗೂ ನಡುವೆ ಅದು ಕೊಡುತ್ತಿದ್ದ ಅಂತರ ಸುಮಾರು 50 ಡೆಸಿಬಲ್. ಡಾಲ್ಬಿ ವ್ಯವಸ್ಥೆ ಇದ್ದರೆ 60ರ ಆಸುಪಾಸು. ಈ ಅಂಕಿಯನ್ನು ನೆನಪಿಡಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

1982: ಕಿವಿಯ ಗಡಿ ಮುಟ್ಟಿದ ವರ್ಷ

1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು. ಸೋನಿ ಕಂಪನಿಯ ಆ ಯಂತ್ರದ ಬೆಲೆ 1,68,000 ಯೆನ್. ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಒಂದು ಕಂಪನವನ್ನು ಸರಿಯಾಗಿ ಮರಳಿ ಕಟ್ಟಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂದು ನೈಕ್ವಿಸ್ಟ್ ಮತ್ತು ಶ್ಯಾನನ್ ಎಂಬ ವಿಜ್ಞಾನಿಗಳ ಸಿದ್ಧಾಂತ ಹೇಳುತ್ತದೆ. 44,100ರ ಅರ್ಧ 22,050. ಮನುಷ್ಯನ ಕಿವಿಯ ಗಡಿ 20,000. ಮೆಲುಸದ್ದು-ಜೋರುಸದ್ದುಗಳ ಅಂತರ 96 ಡೆಸಿಬಲ್. ಅಂದರೆ ಕಹಳೆಯಿಂದ ಆರಂಭವಾದ ಪಯಣ ಎಂಬತ್ತು ವರ್ಷಗಳಲ್ಲಿ ಕಿವಿಯ ಗಡಿಯನ್ನು ಮುಟ್ಟಿತು. ಅದರಾಚೆಗೆ ಯಂತ್ರವನ್ನು ಎಷ್ಟು ಸುಧಾರಿಸಿದರೂ ಕೇಳಬೇಕಾದ ಕಿವಿ ಹಳೆಯದೇ. ಅದೂ ವಯಸ್ಸಾದಂತೆ ಕುಗ್ಗುತ್ತದೆ. 50 ದಾಟಿದ ಹಲವರಿಗೆ 12,000ದಿಂದ 14,000 ಹರ್ಟ್ಜ್‌ಗಿಂತ ಮೇಲಿನದು ಕೇಳಿಸುವುದೇ ಇಲ್ಲ.

ಮುಂದೆ ಸಿ.ಡಿ.ಯ ಬೆಲೆ ಬಿತ್ತು, ಎಂ.ಪಿ.3 ಬಂತು, ಮೊಬೈಲ್ ಬಂತು. ಒಂದು ಕಾಲಕ್ಕೆ ಲಕ್ಷ ಯೆನ್ ಮೀರಿದ್ದ ಗುಣಮಟ್ಟ ಇಂದು ಪ್ರತಿ ಜೇಬಿನಲ್ಲಿದೆ. ಆದರೆ ಮಾರಾಟಗಾರ ಸುಮ್ಮನೆ ಕುಳಿತುಕೊಳ್ಳಲಾರ. ಇನ್ನೂ ದುಬಾರಿ ಆಂಪ್ಲಿಫೈಯರ್, ಇನ್ನೂ ಸೂಕ್ಷ್ಮವಾದ ಡಿಜಿಟಲ್ ಮುದ್ರಣ, ಬೆಳ್ಳಿಯ ತಂತಿ, ಬಂಗಾರದ ಲೇಪದ ಪಿನ್ನು ಇವೆಲ್ಲ ಅಂಗಡಿಗೆ ಬಂದವು. ಇವುಗಳಿಂದ ನಿಜವಾಗಿ ವ್ಯತ್ಯಾಸವಾಗುತ್ತದೆಯೇ?

ಕಣ್ಣು ಕಟ್ಟಿ ಮಾಡಿದ ಪರೀಕ್ಷೆಗಳು

ಈ ಪ್ರಶ್ನೆಗೆ ಉತ್ತರ ಕಾಣಲು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಕ್ರಮಬದ್ಧ ಪರೀಕ್ಷೆಗಳು ನಡೆದಿವೆ. ಯಾವ ಯಂತ್ರ ಹಾಡುತ್ತಿದೆ ಎಂಬುದನ್ನು ಕೇಳುಗರಿಗೆ ತಿಳಿಸದೆ, ಕಿವಿಯನ್ನಷ್ಟೇ ನಂಬಿ ಹೇಳಿರಿ ಎನ್ನುವುದು ಇವುಗಳ ಪದ್ಧತಿ.

1987ರ ಜನವರಿಯಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಆಂಪ್ಲಿಫೈಯರುಗಳ ಇಂಥದೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಸುಮಾರು 220 ಡಾಲರಿನ ಯಂತ್ರದಿಂದ 12,000 ಡಾಲರಿನ ಜೋಡಿಯವರೆಗೆ ಅದರಲ್ಲಿ ಇದ್ದವು. ಬೆಲೆಯಲ್ಲಿ 50 ಪಟ್ಟು ಮೀರಿದ ವ್ಯತ್ಯಾಸ. ಕೇಳುಗರಿಗೆ ಅವುಗಳ ನಡುವೆ ಭೇದ ಗುರುತಿಸಲು ಆಗಲಿಲ್ಲ.

2007ರಲ್ಲಿ ಮೇಯರ್ ಮತ್ತು ಮೋರನ್ ಎಂಬ ಇಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಇನ್ನೊಂದು ಪ್ರಯೋಗವನ್ನು ವರದಿ ಮಾಡಿದರು. ಅತಿಸೂಕ್ಷ್ಮ ಡಿಜಿಟಲ್ ಮುದ್ರಣವನ್ನು ಒಮ್ಮೆ ಇದ್ದಂತೆ, ಒಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 276. ಅಂದರೆ ಶೇಕಡಾ 50ರಷ್ಟು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಆದರೆ ಎಲ್ಲವೂ ಒಂದೇ ಎಂದು ತಿಳಿಯಬಾರದು. ಸ್ಪೀಕರುಗಳ ಮಾತು ಬೇರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ನಡೆಸಿದ ದೀರ್ಘ ಸಂಶೋಧನೆಯಿಂದ, ಸ್ಪೀಕರಿನಿಂದ ಸ್ಪೀಕರಿಗೆ ನಿಜವಾದ ವ್ಯತ್ಯಾಸವಿದೆ ಮತ್ತು ಕಣ್ಣು ಕಟ್ಟಿದ ಕೇಳುಗರು ಒಳ್ಳೆಯದನ್ನು ಗುರುತಿಸುತ್ತಾರೆ ಎಂದು ಸಿದ್ಧವಾಯಿತು. ಅದೇ ಟೂಲ್, ಸಹೋದ್ಯೋಗಿ ಸೀನ್ ಆಲಿವ್ ಜೊತೆ 1994ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ಸ್ವಾರಸ್ಯಕರವಾಗಿದೆ. 40 ಜನರಿಗೆ ಅವೇ ಸ್ಪೀಕರುಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಟ್ಟು ಕೇಳಿಸಿದರು. ಕಣ್ಣೆದುರಿದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಏರಿತು. ಪರದೆಯ ಹಿಂದೆ ಆ ಏರಿಕೆ ಉಳಿಯಲಿಲ್ಲ. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಒಂದು ಭಾಗವನ್ನು ನಾವು ಕಣ್ಣಿನಿಂದ ಕೇಳುತ್ತೇವೆ ಎಂದಾಯಿತು.

ವ್ಯಾಟಿನ ಲೆಕ್ಕ

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ 'ಎಷ್ಟು ವ್ಯಾಟ್?' ಎಂಬುದು. ಇಲ್ಲಿ ಭೌತಶಾಸ್ತ್ರದ ಸರಳ ಲೆಕ್ಕ ಸಹಾಯ ಮಾಡುತ್ತದೆ. ಸಾಧಾರಣ ಸ್ಪೀಕರೊಂದು 1 ವ್ಯಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ ಸುಮಾರು 88 ಡೆಸಿಬಲ್ ಸದ್ದು ಕೊಡುತ್ತದೆ. ಮನೆಯಲ್ಲಿ ಆರಾಮವಾಗಿ ಹಾಡು ಕೇಳುವ ಮಟ್ಟ 70ರಿಂದ 80. ಹಾಗಾದರೆ ಬಹುಪಾಲು ಹೊತ್ತು ನಾವು ಬಳಸುವುದು 1 ವ್ಯಾಟಿಗಿಂತಲೂ ಕಡಿಮೆ. ಹಾಡಿನ ಏರುಗಳಿಗೆಂದು 10 ವ್ಯಾಟ್ ಇದ್ದರೆ 98 ಡೆಸಿಬಲ್ ಮುಟ್ಟುತ್ತದೆ.

ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ. ಕೇವಲ 3 ಡೆಸಿಬಲ್ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ವ್ಯಾಟ್ 10 ಪಟ್ಟು ಬೇಕು. 50 ವ್ಯಾಟಿನ ಬದಲು 100 ವ್ಯಾಟಿನದನ್ನು ಕೊಂಡವನು ದುಡ್ಡು ಹೆಚ್ಚು ಕೊಟ್ಟು ಕೂದಲೆಳೆಯಷ್ಟು ವ್ಯತ್ಯಾಸ ಕೊಂಡಂತೆ. ಇಳಿಮುಖ ನಿಯಮ ಕಿವಿಯ ರಚನೆಯಲ್ಲಿಯೇ ಅಡಗಿದೆ.

ಗೋಲಗುಮ್ಮಟ ಹೇಳುವ ಪಾಠ

ಯಂತ್ರಕ್ಕಿಂತ ಕೋಣೆ ಮುಖ್ಯ ಎಂಬುದಕ್ಕೆ ಜಗತ್ತಿನಲ್ಲೇ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಒಂದು ಬದಿಯ ಪಿಸುಮಾತು ಎದುರು ಬದಿಗೆ ಕೇಳುತ್ತದೆ, ಒಂದು ಕೂಗು ಏಳಕ್ಕೂ ಹೆಚ್ಚು ಸಲ ಮರುನುಡಿಯುತ್ತದೆ. ಪ್ರವಾಸ ಹೋದ ವಿದ್ಯಾರ್ಥಿಗಳಿಗೆಲ್ಲ ಇದು ಗೊತ್ತು. ಆದರೆ ಅಲ್ಲಿ ನಿಂತು ಒಂದು ಭಾಷಣ ಮಾಡಿದರೆ ಒಂದು ಶಬ್ದವೂ ಬಿಡಿಯಾಗಿ ತಿಳಿಯದು. ಲಕ್ಷಗಟ್ಟಲೆ ರೂಪಾಯಿಯ ಸ್ಪೀಕರನ್ನು ಅಲ್ಲಿಟ್ಟರೂ ಹಾಡು ಕಲಸಿ ಹೋಗುತ್ತದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಇದೇ ತೊಂದರೆ ಬಂದಿತ್ತು. ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕ ಪಕ್ಕದ ನಾಟಕ ಶಾಲೆಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ ಅಳೆದನು. ಮೆತ್ತೆ ಹೆಚ್ಚಿದಂತೆ ಗುಂಯ್‌ಕಾರ ಕಡಿಮೆಯಾಯಿತು. ಕಟ್ಟಡ ಧ್ವನಿವಿಜ್ಞಾನ ಹುಟ್ಟಿದ್ದು ಆ ಮೆತ್ತೆಗಳಿಂದ.

ನಮ್ಮ ಹಳೆಯ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಜೋಳದ ಚೀಲ, ಹಾಸಿಗೆಯ ರಾಶಿ ತುಂಬಿದ ಮನೆಗಳು ಸದ್ದನ್ನು ಹೀರುತ್ತಿದ್ದವು. ಇಂದಿನ ಸಿಮೆಂಟಿನ ಛತ್ತು, ಟೈಲ್ಸ್ ನೆಲ, ಬರಿಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಇಂಥ ಕೋಣೆಗೆ ಇಪ್ಪತ್ತು ಸಾವಿರದ ಹೊಸ ಆಂಪ್ಲಿಫೈಯರ್ ಮಾಡಲಾಗದ ಕೆಲಸವನ್ನು ಅಜ್ಜಿ ಹೊಲಿದ ಎರಡು ಕೌದಿಗಳು ಮಾಡುತ್ತವೆ. ಒಂದನ್ನು ಗೋಡೆಗೆ ತೂಗುಹಾಕಿ, ಒಂದನ್ನು ನೆಲಕ್ಕೆ ಹಾಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಮಗ್ಗದ ಓಣಿ ಮತ್ತು ಕಿವಿಯ ಆಸ್ತಿ

ಈಗ ಮೂರನೆಯ ಹಂತ, ಅಂದರೆ ಖರ್ಚು ಹಾನಿಯಾಗುವ ಹಂತ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ದಿನಕ್ಕೆ 8 ತಾಸು 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದುಡಿದರೆ ಕಿವಿಗೆ ಅಪಾಯವೆಂದು ಔದ್ಯೋಗಿಕ ಆರೋಗ್ಯ ತಜ್ಞರು ಒಪ್ಪುತ್ತಾರೆ. ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್ ಆಸುಪಾಸಿನ ಶ್ರವಣ. 'ಸ', 'ಷ', 'ಫ' ಅಕ್ಷರಗಳು ಅಸ್ಪಷ್ಟವಾಗಿ, ಮಾತು ಕೇಳಿದರೂ ತಿಳಿಯದಂತಾಗುತ್ತದೆ. ಹಗಲೆಲ್ಲ ಮಗ್ಗದ ಮುಂದೆ ಕುಳಿತ ನೇಕಾರನ ಮನೆಗೆ ಅತಿಸೂಕ್ಷ್ಮ ಧ್ವನಿಯಂತ್ರ ತಂದರೆ ಪ್ರಯೋಜನವೇನು? ಅವನಿಗೆ ಮೊದಲು ಬೇಕಾದುದು ಕೆಲವೇ ರೂಪಾಯಿಯ ಕಿವಿಬಿರಡೆ.

ಓಣಿಯ ಲೆಕ್ಕವನ್ನೂ ಮಾಡೋಣ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಿತಿ ಪಾಲನೆಯಾದ ಓಣಿಯಲ್ಲೇ ಹಗಲು 55 ಡೆಸಿಬಲ್ ಸದ್ದಿದ್ದರೆ, ಅದಕ್ಕಿಂತ ಮೆಲ್ಲಗಿನದು ಮುಳುಗಿಹೋಗುತ್ತದೆ. ಮೇಲುಗಡೆ 90 ದಾಟಿದರೆ ಕಿವಿಗೆ ಹಾನಿ. ಉಳಿದ ಅಂತರ 35 ಡೆಸಿಬಲ್. ಕ್ಯಾಸೆಟ್ಟು ಕೊಡುತ್ತಿದ್ದ 50 ಡೆಸಿಬಲ್ ಈ ಓಣಿಗೆ ಸಾಕಾಗಿ ಉಳಿಯುತ್ತಿತ್ತು. ಸಿ.ಡಿ.ಯ 96 ಡೆಸಿಬಲ್ ಪೂರ್ತಿ ಅನುಭವಿಸಬೇಕೆಂದರೆ 55ಕ್ಕೆ 96 ಸೇರಿಸಿ 151 ಡೆಸಿಬಲ್ ಸದ್ದು ಮಾಡಬೇಕು. ಕಿವಿ ತಾಳಲಾರದ ಸದ್ದು ಅದು.

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಸಾಗುವ ಟ್ರ್ಯಾಕ್ಟರುಗಳ ಟೇಪಿನ ಅಬ್ಬರ ಎಲ್ಲರಿಗೂ ಪರಿಚಿತ. ಚಾಲಕನ ತಲೆಯ ಹಿಂದೆಯೇ ಸೌಂಡ್ ಬಾಕ್ಸ್‌ಗಳ ಸಾಲು. ಒಬ್ಬನ ಟೇಪು ಕೇಳಬಾರದೆಂದು ಇನ್ನೊಬ್ಬ ದೊಡ್ಡದನ್ನು ಕಟ್ಟಿಸುತ್ತಾನೆ. ಹಿಂದಿನ ವಾಹನದ ಹಾರ್ನ್ ಕೇಳದೆ ಅಪಾಯವೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ತಾಸು ಕೇಳಬಹುದು. 90 ಆದರೆ 4 ತಾಸು. 100 ಆದರೆ ಇಡೀ ವಾರಕ್ಕೆ 20 ನಿಮಿಷ. ಸುರಕ್ಷಿತವಲ್ಲದ ರೀತಿಯಲ್ಲಿ ಕೇಳುವುದರಿಂದ ಜಗತ್ತಿನ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆಯೆಂದು ಆ ಸಂಸ್ಥೆ ಎಚ್ಚರಿಸಿದೆ. ಕಿವಿಗೆ ಸಿಕ್ಕಿಸಿದ ಇಯರ್‌ಫೋನಿಗೂ ಇದೇ ಲೆಕ್ಕ. ನೀರು ಹೆಚ್ಚಾಗಿ ಸವಳಾದ ಹೊಲವನ್ನು ಬಸಿಗಾಲುವೆ ತೋಡಿ ಮರಳಿ ಪಡೆಯಬಹುದು. ಕಿವಿಗೆ ಅಂಥ ಉಪಾಯವಿಲ್ಲ.

ಇತಿಹಾಸದ ತೀರ್ಪು

ಮೇಲಿನ ಚರಿತ್ರೆಯಿಂದ ಖರ್ಚಿನ ಒಂದು ಕ್ರಮ ತಾನಾಗಿ ಹೊರಡುತ್ತದೆ. ಸೊನ್ನೆಯಿಂದ ಮೊದಲ ಯಂತ್ರದವರೆಗಿನ ಖರ್ಚು ಎಲ್ಲಕ್ಕಿಂತ ಫಲದಾಯಕ. ಸಾಧಾರಣ ಬೆಲೆಯ ಒಳ್ಳೆಯ ಸ್ಪೀಕರ್ ಜೋಡಿಗೆ ಕೊಟ್ಟ ಹಣ ವ್ಯರ್ಥವಲ್ಲ. ಅದನ್ನಿಡುವ ಜಾಗ, ಕೋಣೆಯ ಗುಂಯ್‌ಕಾರ, ಹೊರಗಿನ ಸದ್ದು ಇವುಗಳ ಕಡೆ ಗಮನ ಕೊಟ್ಟರೆ ಬಿಡಿಗಾಸಿನಲ್ಲಿ ಬಹಳ ಲಾಭ. ಇಷ್ಟಾದ ಮೇಲೆ ಆಂಪ್ಲಿಫೈಯರ್, ತಂತಿ, ವ್ಯಾಟುಗಳಿಗೆ ಸುರಿಯುವ ಹಣ ಕಿವಿಯನ್ನು ಮುಟ್ಟುವುದಿಲ್ಲ. ಆ ಹಣದಿಂದ ಕಾಲೇಜಿನ ಶುಲ್ಕ ತುಂಬಬಹುದು, ಪುಸ್ತಕ ಕೊಳ್ಳಬಹುದು, ಮನೆಯ ಹಿರಿಯರ ಕಿವಿ ತಪಾಸಣೆ ಮಾಡಿಸಿ ಶ್ರವಣಸಾಧನ ಕೊಡಿಸಬಹುದು. ಹತ್ತು ವರ್ಷದಿಂದ ಮೊಮ್ಮಕ್ಕಳ ಮಾತು ಸರಿಯಾಗಿ ಕೇಳದ ಅಜ್ಜನಿಗೆ ಶ್ರವಣಸಾಧನಕ್ಕಿಂತ ದೊಡ್ಡ ಧ್ವನಿಯಂತ್ರ ಯಾವುದಿದೆ?

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 1980-90ರ ದಶಕಗಳಲ್ಲಿ ನಮ್ಮ ಊರುಗಳಲ್ಲಿ ತುಂಬಿಸಿದ ಕ್ಯಾಸೆಟ್ಟುಗಳು ಮಾಡುಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ಬೂಸ್ಟು ಹಿಡಿಯುತ್ತಿವೆ. ಅವುಗಳಲ್ಲಿ ರಿವಾಯತ್ ಪದಗಳಿವೆ, ಗೀಗಿ ಪದಗಳಿವೆ, ಇಂದು ಇಲ್ಲದ ಹಿರಿಯರ ಮಾತುಗಳಿವೆ. ಟೇಪಿನ ಲೇಪನ ವರ್ಷ ಕಳೆದಂತೆ ಉದುರುತ್ತದೆ. ಕೆಲಸ ಮಾಡುವ ಒಂದು ಹಳೆಯ ಟೇಪ್ ರೆಕಾರ್ಡರ್, ಒಂದು ವಯರ್, ಒಂದು ಕಂಪ್ಯೂಟರ್ ಇದ್ದರೆ ಅವನ್ನು ಡಿಜಿಟಲ್ ರೂಪಕ್ಕೆ ಇಳಿಸಿಡಬಹುದು. ಹಾಡುವವರು ಇನ್ನೂ ಬದುಕಿದ್ದರೆ ಕೈಯಲ್ಲಿರುವ ಮೊಬೈಲಿನಿಂದಲೇ ಮುದ್ರಿಸಿಕೊಳ್ಳಬಹುದು. ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿ, ಮೊಬೈಲನ್ನು ಒಂದು ಕೌದಿಯ ಮೇಲೆ ಹಾಡುವವರ ಹತ್ತಿರ ಇಟ್ಟರೆ ಸಾಕು. ಹಾಡಿದವರ ಹೆಸರು, ಊರು, ತಾರೀಖುಗಳನ್ನು ಆರಂಭದಲ್ಲೇ ಹೇಳಿಸಬೇಕು. ಗೌಹರ್ ಜಾನ್ ಪ್ಲೇಟಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದುದರಿಂದ ನೂರು ವರ್ಷದ ಮೇಲೂ ಆ ಧ್ವನಿ ಯಾರದೆಂದು ನಮಗೆ ತಿಳಿಯುತ್ತದೆ.

ಗ್ರಾಮೋಫೋನ್ ಕಂಪನಿಗೆ 1902ರಲ್ಲಿ ಹಡಗು, ಕಾರ್ಖಾನೆ, ಬಂಡವಾಳಗಳು ಬೇಕಾಗಿದ್ದ ಈ ಕೆಲಸಕ್ಕೆ ಇಂದು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಓಣಿಯ ಒಬ್ಬ ಹಿರಿಯರ ಹಾಡನ್ನೋ ಮಾತನ್ನೋ ಹೀಗೆ ಉಳಿಸಿಕೊಂಡರೆ ನಮ್ಮ ಭಾಗದ ಇತಿಹಾಸಕ್ಕೆ ಅದೊಂದು ದೊಡ್ಡ ಸೇವೆಯಾದೀತು.